ಜೋಡಿ ಒಡಲಿನ ಯಂತ್ರನೌಕೆ

ಒಂದೇ ಅಳತೆಯ ಎರಡು ಕಿರಿದಾದ ಒಡಲುಗಳನ್ನು ಮೇಲಿನ ಅಟ್ಟದಿಂದ ಬೆಸೆದು ಎಂಜಿನ್ ಬಲದಿಂದ ಓಡಿಸುವ ಹಡಗು ಅಥವಾ ದೋಣಿ. ಪವರ್ ಕ್ಯಾಟಮರಾನ್ ಎಂಬುದು ಇದರ ರೂಢಿಯ ಹೆಸರು. ಪ್ರಯಾಣಿಕರ ದೋಣಿ, ವಾಹನ ಸಾಗಿಸುವ ವೇಗದ ಹಡಗು, ಗಸ್ತು ದೋಣಿ, ಸಮೀಕ್ಷಾ ನೌಕೆಗಳಲ್ಲಿ ಈ ಮಾದರಿ ಬಳಕೆಯಲ್ಲಿದೆ. ಕರ್ನಾಟಕದಲ್ಲಿ ಇದರ ಪ್ರಮುಖ ನಿದರ್ಶನ 2012ರಲ್ಲಿ ಕಾರವಾರದಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ಮಕರ್. ತಳದ ಅಗಲದಿಂದ ಸಿಗುವ ಸ್ಥಿರತೆಗೂ ವಿಶಾಲ ಜಾಗಕ್ಕೂ ಬಿರುಗಡಲಿನಲ್ಲಿ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬ ಲೆಕ್ಕಾಚಾರವೇ ಈ ನೌಕೆಯ ಚರಿತ್ರೆಯನ್ನು ರೂಪಿಸಿದೆ.

ಆರಂಭ

ಪೆಸಿಫಿಕ್ ದ್ವೀಪಗಳ ಜನ ಎರಡು ದೋಣಿಗಳನ್ನು ಅಡ್ಡಮರಗಳಿಂದ ಬಿಗಿದು, ಹಾಯಿ ಏರಿಸಿ, ಬಹುದೂರದ ದ್ವೀಪಗಳಿಗೆ ವಲಸೆ ಹೋಗಿದ್ದರು. ಕರ್ನಾಟಕದ ಕರಾವಳಿಯ ಹೊಳೆಗಳಿಗೆ ಸೇತುವೆ ಬರುವ ಮುನ್ನ ಬಸ್ಸು, ಕಾರುಗಳನ್ನು ದಾಟಿಸುತ್ತಿದ್ದ ಜಂಗಲ್ ಕೂಡ ಇದೇ ತತ್ತ್ವದ್ದು. ದೊಡ್ಡ ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದರೆ ಜಂಗಲ್ ಸಿದ್ಧ. ಉತ್ತರ ಕನ್ನಡದ ಮೀನುಗಾರರು ಸಣ್ಣ ದೋಣಿಯ ಒಂದು ಬದಿಗೆ ತೇಲುವ ಮರವನ್ನು ಕಟ್ಟಿಕೊಳ್ಳುವುದೂ ದೋಣಿ ಮಗುಚದಿರಲೆಂದೇ.

ಯುರೋಪಿನಲ್ಲಿ ಈ ಮಾದರಿಯನ್ನು ಮೊದಲು ಗಂಭೀರವಾಗಿ ಪರೀಕ್ಷಿಸಿದವನು ಸರ್ ವಿಲಿಯಂ ಪೆಟ್ಟಿ. 1662ರಲ್ಲಿ ಅವನು ಡಬ್ಲಿನ್‌ನಲ್ಲಿ ಕಟ್ಟಿಸಿದ ಜೋಡಿ ಹಾಯಿಹಡಗು ಪಂದ್ಯದಲ್ಲಿ ಒಂಟಿ ಒಡಲಿನ ದೋಣಿಗಳನ್ನು ಹಿಂದಿಕ್ಕಿತು. ಆದರೆ ಮುಂದೆ ಅವನು ನಿರ್ಮಿಸಿದ ‘ಎಕ್ಸ್‌ಪೆರಿಮೆಂಟ್’ ಬಿಸ್ಕೆ ಕೊಲ್ಲಿಯ ಬಿರುಗಾಳಿಯಲ್ಲಿ ಮುಳುಗಿತು.

ಹಬೆಯ ಯುಗ

ರಾಬರ್ಟ್ ಫುಲ್ಟನ್ ರೂಪಿಸಿದ ‘ಡೆಮೊಲೊಗೋಸ್’ 1814ರಲ್ಲಿ ನ್ಯೂಯಾರ್ಕ್‌ನಲ್ಲಿ ನೀರಿಗಿಳಿಯಿತು. ಹಬೆಯಿಂದ ಓಡುವ ಮೊದಲ ಯುದ್ಧನೌಕೆಯಾದ ಇದರ, ನೀರನ್ನು ತಳ್ಳುವ ಗಾಲಿಯನ್ನು ಎರಡು ಒಡಲುಗಳ ನಡುವೆ ಇಟ್ಟದ್ದು ಗುಂಡೇಟಿನಿಂದ ಕಾಪಾಡಲು. ಬಂದರಿನ ಕಾವಲೇ ಅದರ ಕೆಲಸವಾಗಿದ್ದರಿಂದ ತೆರೆದ ಕಡಲಿನ ನಿತ್ಯ ಸಂಚಾರದ ಪರೀಕ್ಷೆಗೆ ಅದು ಒಳಗಾಗಲಿಲ್ಲ.

ಆ ಪರೀಕ್ಷೆ ನಡೆದದ್ದು ಇಂಗ್ಲಿಷ್ ಕಾಲುವೆಯಲ್ಲಿ. ಡೋವರ್–ಕ್ಯಾಲೆ ಪ್ರಯಾಣಿಕರ ವಾಕರಿಕೆ ತಪ್ಪಿಸಬೇಕೆಂದು ಕ್ಯಾಪ್ಟನ್ ಡೈಸಿಯ ಯೋಜನೆಯಂತೆ ‘ಕ್ಯಾಸ್ಟಾಲಿಯಾ’ ತಯಾರಾಯಿತು. ಒಂದೇ ಹಡಗನ್ನು ಉದ್ದಕ್ಕೆ ಸೀಳಿದಂಥ ಎರಡು ಅರ್ಧ ಒಡಲುಗಳು, ನಡುವೆ ಗಾಲಿಗಳು. 1875ರಲ್ಲಿ ಓಡಾಟ ಶುರುವಾದಾಗ ಅಕ್ಕಪಕ್ಕದ ಹೊಯ್ದಾಟ ಕಡಿಮೆ ಎಂದು ಜನ ಮೆಚ್ಚಿದರು. ಆದರೆ ಮಾಮೂಲಿ ಹಡಗುಗಳ ವೇಗ ಅದಕ್ಕೆ ದಕ್ಕಲಿಲ್ಲ. ಕೊನೆಗೆ ಥೇಮ್ಸ್ ನದಿಯಲ್ಲಿ ಸಿಡುಬು ರೋಗಿಗಳ ತೇಲುವ ಆಸ್ಪತ್ರೆಯಾಯಿತು. 1878ರಲ್ಲಿ ಬಂದ ‘ಕ್ಯಾಲೆ–ಡೂವ್ರ್’ ಎರಡು ಪೂರ್ಣ ಒಡಲುಗಳ ಹಡಗು. ಅದು ಜನಪ್ರಿಯವಾದರೂ ಕಲ್ಲಿದ್ದಲಿನ ಖರ್ಚು ವಿಪರೀತವಾಯಿತು. ಭಾರವಾದ ಕಬ್ಬಿಣ, ಶಕ್ತಿ ಸಾಲದ ಎಂಜಿನ್ ಇರುವವರೆಗೆ ಈ ಮಾದರಿಗೆ ಏಳಿಗೆ ಇರಲಿಲ್ಲ.

ಅಲ್ಯೂಮಿನಿಯಂ ಮತ್ತು ವೇಗ

ಹಗುರ ಡೀಸೆಲ್ ಎಂಜಿನ್ ಮತ್ತು ಬೆಸುಗೆ ಹಾಕಬಲ್ಲ ಅಲ್ಯೂಮಿನಿಯಂ ಬಂದ ಮೇಲೆ ಚಿತ್ರ ಬದಲಾಯಿತು. 1970ರ ದಶಕದಲ್ಲಿ ನಾರ್ವೆಯ ವೆಸ್ಟಮರಾನ್ ದೋಣಿಗಳು ಫ್ಯೋರ್ಡ್‌ಗಳಲ್ಲಿ ಪ್ರಯಾಣಿಕರನ್ನು ಸಾಗಿಸತೊಡಗಿದವು. ಮುಂದಿನ ದಶಕದಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನ ಇನ್‌ಕ್ಯಾಟ್ ಕಾರ್ಖಾನೆ ಅಲೆಯನ್ನು ಏರದೆ ಸೀಳಿಕೊಂಡು ಹೋಗುವ ಚೂಪು ಮೂತಿಯ ವಿನ್ಯಾಸವನ್ನು ಬೆಳೆಸಿತು. ಅಲ್ಲಿ ತಯಾರಾದ 74 ಮೀಟರ್ ಉದ್ದದ ‘ಹೋವರ್‌ಸ್ಪೀಡ್ ಗ್ರೇಟ್ ಬ್ರಿಟನ್’ 1990ರಲ್ಲಿ ಸರಾಸರಿ 36 ನಾಟ್‌ಗೂ ಹೆಚ್ಚಿನ ವೇಗದಲ್ಲಿ ಅಟ್ಲಾಂಟಿಕ್ ದಾಟಿ ಹೇಲ್ಸ್ ಟ್ರೋಫಿ ಗೆದ್ದಿತು. 1998ರಲ್ಲಿ ಅದೇ ಕಾರ್ಖಾನೆಯ ‘ಕ್ಯಾಟ್-ಲಿಂಕ್ 5’ ಅಟ್ಲಾಂಟಿಕ್ ದಾಟುವಾಗ ಸರಾಸರಿ 41 ನಾಟ್ ಮುಟ್ಟಿತು.

ವಿನ್ಯಾಸದ ಲಾಭ–ನಷ್ಟ

ಕಿರಿದಾದ ಒಡಲು ನೀರನ್ನು ಪಕ್ಕಕ್ಕೆ ತಳ್ಳುವುದು ಕಡಿಮೆ. ಹಾಗಾಗಿ ಅಲೆ ಎಬ್ಬಿಸುವುದರಲ್ಲಿ ಪೋಲಾಗುವ ಶಕ್ತಿ ಉಳಿಯುತ್ತದೆ, ವೇಗ ದಕ್ಕುತ್ತದೆ. ನಿಧಾನವಾಗಿ ಸಾಗುವಾಗ ಈ ಲಾಭ ಇಲ್ಲ. ನೀರಿಗೆ ತಾಗುವ ಮೈ ಎರಡು ಒಡಲುಗಳದ್ದಾದ್ದರಿಂದ ಉಜ್ಜಾಟವೇ ಹೆಚ್ಚಾಗಿ ಇಂಧನ ತಿನ್ನುತ್ತದೆ. ಎರಡು ಪ್ರೊಪೆಲ್ಲರ್‌ಗಳು ದೂರ ದೂರ ಇರುವುದರಿಂದ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ ನಿಂತಲ್ಲೇ ಹೊರಳಬಹುದು. ಒಂದು ಎಂಜಿನ್ ಕೆಟ್ಟರೂ ದಡ ಸೇರಬಹುದು. ಆಳ ಕಡಿಮೆ ಇರುವಲ್ಲೂ ಓಡಬಹುದು.

ಭಾರದ ವಿಷಯದಲ್ಲಿ ಮಾತ್ರ ಈ ಮಾದರಿಗೆ ಸೈರಣೆ ಕಡಿಮೆ. ಒಡಲು ಕಿರಿದಾದಷ್ಟೂ ಒಂದೊಂದು ಟನ್ ಹೇರಿದಾಗಲೂ ಅದು ಬೇಗ ಕೆಳಗಿಳಿಯುತ್ತದೆ, ಅಟ್ಟಕ್ಕೂ ನೀರಿಗೂ ನಡುವಿನ ಅಂತರ ಕುಗ್ಗುತ್ತದೆ. ಹೋಗುವಾಗ ಐಸ್ ಮತ್ತು ಡೀಸೆಲ್, ಬರುವಾಗ ಟನ್ನುಗಟ್ಟಲೆ ಮೀನು ಹೊರುವ ಬೋಟಿಗೆ ಇದು ದೊಡ್ಡ ತೊಡಕು. ಬೋಟುಗಳು ಪಕ್ಕೆಗೆ ಪಕ್ಕೆ ತಾಗಿಸಿ ನಿಲ್ಲುವ ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ಇಷ್ಟು ಅಗಲದ ನೌಕೆಗೆ ಜಾಗ ಹೊಂದಿಸುವುದೂ ಕಷ್ಟ.

ಬಿರುಗಡಲಿನಲ್ಲಿ

ಎದುರಲೆಯಲ್ಲಿ ದೊಡ್ಡ ಪರೀಕ್ಷೆ ಅಟ್ಟದ ತಳಕ್ಕೆ. ಮೂತಿ ಒಂದು ಅಲೆಯನ್ನು ದಾಟಿ ಇಳಿಯುವ ಹೊತ್ತಿಗೆ ಮುಂದಿನ ಅಲೆ ಎರಡು ಒಡಲುಗಳ ನಡುವಿನ ಓಣಿಗೆ ನುಗ್ಗುತ್ತದೆ. ಅದಕ್ಕೆ ಪಕ್ಕಕ್ಕೆ ಹರಿದುಹೋಗಲು ದಾರಿಯಿಲ್ಲ. ಮೇಲೇರಿ ಅಟ್ಟದ ಅಡಿಗೆ ಬಡಿಯುತ್ತದೆ. ಆ ಹೊಡೆತಕ್ಕೆ ಇಡೀ ನೌಕೆ ನಡುಗುತ್ತದೆ. ಪದೇ ಪದೇ ಬಿದ್ದರೆ ಬೆಸುಗೆ ಬಿರುಕು ಬಿಡುತ್ತದೆ. ಅಟ್ಟವನ್ನು ಎತ್ತರಿಸಿದರೆ ಬಡಿತ ತಗ್ಗುತ್ತದೆ. ಆದರೆ ನೌಕೆಯ ಭಾರವೂ ಗಾಳಿಗೆ ಒಡ್ಡುವ ಮೈಯೂ ಹೆಚ್ಚುತ್ತವೆ. ಇನ್‌ಕ್ಯಾಟ್ ಹಡಗುಗಳಲ್ಲಿ ನಡುವೆ ಮೂರನೆಯ ಮೂತಿಯೊಂದನ್ನು ಇಳಿಬಿಟ್ಟಿರುವುದು ದೊಡ್ಡ ಅಲೆಗೆ ಮುಂಭಾಗ ತೀರಾ ಮುಳುಗದಿರಲೆಂದು.

ಪಕ್ಕದ ಅಲೆಯಲ್ಲಿ ಜೋಡಿ ಒಡಲು ಹೆಚ್ಚು ವಾಲುವುದಿಲ್ಲ. ಆದರೆ ವಾಲಿದಷ್ಟೇ ಚುರುಕಾಗಿ ಹಿಂತಿರುಗುತ್ತದೆ. ಒಂಟಿ ಒಡಲಿನ ಹಡಗಿನ ನಿಧಾನದ ತೂಗಾಟ ಇಲ್ಲಿ ಚಿಕ್ಕ ಚಿಕ್ಕ ಎಳೆತಗಳಾಗುತ್ತದೆ. ನಿಂತು ಕೆಲಸ ಮಾಡುವವರಿಗೆ ಅದೇ ಹೆಚ್ಚು ಆಯಾಸ. ಓರೆಯಾಗಿ ಬರುವ ಅಲೆ ಒಂದು ಒಡಲನ್ನು ಎತ್ತಿದಾಗ ಇನ್ನೊಂದು ಕುಸಿಯುತ್ತದೆ, ನಡುವಿನ ಅಟ್ಟ ತಿರುಚುವ ಬಲವನ್ನು ತಾಳಬೇಕಾಗುತ್ತದೆ. ಬೆನ್ನಲೆಯಲ್ಲಿ ವೇಗವಾಗಿ ಜಾರುವಾಗ ಕಿರಿದಾದ ಮೂತಿ ಎದುರಿನ ಅಲೆಯೊಳಗೆ ನೆಡುವ ಅಪಾಯವಿದೆ.

ಮಗುಚುವ ಬಗೆಯೂ ಬೇರೆ. ಸ್ವಲ್ಪ ವಾಲಿದಾಗಲೇ ನೌಕೆ ತೋರುವ ಪ್ರತಿರೋಧ ಬಹಳ. ಒಂದು ಒಡಲು ನೀರಿನಿಂದ ಮೇಲೆದ್ದ ಮೇಲೆ ಆ ಪ್ರತಿರೋಧ ಕುಗ್ಗುತ್ತಾ ಹೋಗುತ್ತದೆ. ಒಮ್ಮೆ ತಲೆಕೆಳಗಾದರೆ ನೌಕೆ ಹಾಗೆಯೇ ಸ್ಥಿರವಾಗಿ ತೇಲುತ್ತದೆ, ತಾನಾಗಿ ಎದ್ದು ನಿಲ್ಲುವುದಿಲ್ಲ. ಅಂತರರಾಷ್ಟ್ರೀಯ ಅತಿವೇಗದ ನೌಕಾ ಸಂಹಿತೆ (1994, 2000) ಅತಿವೇಗದ ಪ್ರತಿ ನೌಕೆಗೂ ಅಲೆಯ ಎತ್ತರದ ಮಿತಿ ಗೊತ್ತುಪಡಿಸಿ, ಆ ಮಿತಿಯೊಳಗೆ ಮಾತ್ರ ಸಂಚಾರಕ್ಕೆ ಪರವಾನಗಿ ಕೊಡುತ್ತದೆ.

ಶಿವಮೊಗ್ಗ ಜಿಲ್ಲೆಯ ಒಳನಾಡು ನೀರು

ಗಾಳಿ ಅಡೆತಡೆಯಿಲ್ಲದೆ ಬೀಸುವ ನೀರಿನ ಬಯಲು ಉದ್ದವಾದಷ್ಟೂ ಅಲೆ ಎತ್ತರವಾಗುತ್ತದೆ. ಶಿಕಾರಿಪುರ ತಾಲ್ಲೂಕಿನ ಕುಮುದ್ವತಿ ನದಿಯ ಅಂಜನಾಪುರ ಜಲಾಶಯ, ಸೊರಬದ ವರದಾ ಮತ್ತು ದಂಡಾವತಿ ನದಿಗಳು, ಎರಡೂ ತಾಲ್ಲೂಕುಗಳ ಅಸಂಖ್ಯ ಕೆರೆಗಳಲ್ಲಿ ಆ ಬಯಲು ಚಿಕ್ಕದು. ಇಂಥ ನೀರಿನಲ್ಲಿ ಅಗಲ ತಳದ ಗುಣಗಳೆಲ್ಲ ಸಿಗುತ್ತವೆ, ಬಿರುಗಡಲಿನ ದೋಷಗಳು ತಲೆಯೆತ್ತುವುದಿಲ್ಲ.

ಈ ಭಾಗದವರಿಗೆ ವಾಹನ ಹೊರುವ ಯಂತ್ರದೋಣಿಯ ಪರಿಚಯವಾದದ್ದು ನೆರೆಯ ಸಾಗರ ತಾಲ್ಲೂಕಿನ ಹೊಳೆಬಾಗಿಲು ಲಾಂಚ್‌ನಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದು ಶರಾವತಿಯ ಹಿನ್ನೀರು ಹರಡಿದ ಮೇಲೆ ಆಚೆ ದಡದ ಊರುಗಳಿಗೂ ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೂ ಲಾಂಚ್ ದಾರಿಯಾಯಿತು. ಬಸ್ಸು, ಜೀಪು, ಬೈಕು, ಜನ ಎಲ್ಲಕ್ಕೂ ಒಂದೇ ಚಪ್ಪಟೆ ಅಟ್ಟ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ವಾಹನಗಳನ್ನು ಹತ್ತಿಸಿಕೊಳ್ಳುವುದು ನಿಲ್ಲುತ್ತಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಲಾಂಚಿನ ಮೇಲಿನ ಅವಲಂಬನೆ ತಪ್ಪಿತು.

ಐಎನ್‌ಎಸ್ ಮಕರ್

ಭಾರತೀಯ ನೌಕಾಪಡೆಯ ಮೊದಲ ಜೋಡಿ ಒಡಲಿನ ಸಮೀಕ್ಷಾ ನೌಕೆ ಮಕರ್ ತಯಾರಾದದ್ದು ಗುಜರಾತಿನ ಆಲ್ಕಾಕ್ ಆಶ್‌ಡೌನ್ ಕಾರ್ಖಾನೆಯಲ್ಲಿ. 2012ರ ಸೆಪ್ಟೆಂಬರ್ 21ರಂದು ಕಾರವಾರದಲ್ಲಿ ಸೇವೆಗೆ ಸೇರಿತು. ಉದ್ದ ಸುಮಾರು 50 ಮೀಟರ್, ತೂಕ ಸುಮಾರು 500 ಟನ್. ಕರಾವಳಿಯ ಸಮೀಪ, ಬಂದರುಗಳ ಬಾಯಲ್ಲಿ ಕಡಲ ತಳದ ಆಳ ಅಳೆದು ನಕ್ಷೆಗೆ ಮಾಹಿತಿ ಕೂಡಿಸುವುದು ಇದರ ಕೆಲಸ. ಅಳತೆ ಸರಿಯಾಗಿರಬೇಕಾದರೆ ನೌಕೆ ಗೊತ್ತಾದ ಗೆರೆಯ ಮೇಲೆ ನಿಧಾನವಾಗಿ, ಹೆಚ್ಚು ವಾಲದೆ ಸಾಗಬೇಕು. ಉಪಕರಣಗಳಿಗೂ ಸಣ್ಣ ದೋಣಿಗಳಿಗೂ ಅಗಲವಾದ ಅಟ್ಟ ಬೇಕು. ಈ ಎರಡಕ್ಕೂ ಜೋಡಿ ಒಡಲು ಒಗ್ಗುತ್ತದೆ. ಇಂಥ ಆರು ನೌಕೆಗಳಿಗೆ ಬೇಡಿಕೆ ಇಟ್ಟಿದ್ದರೂ ನೌಕಾಪಡೆಗೆ ಸೇರಿದ್ದು ಮಕರ್ ಒಂದೇ. ಆಳಗಡಲಿನ ಸಮೀಕ್ಷೆಯನ್ನೂ ಮಾಡಬಲ್ಲ ದೊಡ್ಡ ನೌಕೆಗಳ ಸರಣಿಯಲ್ಲಿ ಮೊದಲನೆಯದಾಗಿ 2024ರ ಫೆಬ್ರವರಿಯಲ್ಲಿ ಸೇವೆಗೆ ಬಂದ, ಸುಮಾರು 110 ಮೀಟರ್ ಉದ್ದದ ಐಎನ್‌ಎಸ್ ಸಂಧಾಯಕ್‌ನದು ಒಂಟಿ ಒಡಲು.

ಈಗಿನ ಬಳಕೆ

ನೆರೆಯ ಕೇರಳದ ಹಿನ್ನೀರಿನಲ್ಲಿ ಈ ಮಾದರಿ ಚೆನ್ನಾಗಿ ಬೇರೂರಿದೆ. ವೈಕಂ–ತವಣಕ್ಕಡವು ನಡುವೆ 2017ರಲ್ಲಿ ಓಡಾಟ ಆರಂಭಿಸಿದ, 75 ಜನರನ್ನು ಸಾಗಿಸುವ ಸೌರದೋಣಿ ‘ಆದಿತ್ಯ’ ಜೋಡಿ ಒಡಲಿನದು. ಸೌರಫಲಕ ಹಾಸಲು ಬೇಕಾದ ವಿಶಾಲ ಚಾವಣಿ ಅದರ ಅಗಲದಿಂದಲೇ ಸಿಕ್ಕಿತು. 2023ರಲ್ಲಿ ಆರಂಭವಾದ ಕೊಚ್ಚಿ ವಾಟರ್ ಮೆಟ್ರೋದ ವಿದ್ಯುತ್ ದೋಣಿಗಳೂ ಇದೇ ಬಗೆಯವು. ಕರ್ನಾಟಕದ ಹಿನ್ನೀರು ಮತ್ತು ಹೊಳೆಗಳಿಗೆ ಇಂಥ ದೋಣಿ ಸಹಜವಾಗಿ ಹೊಂದುತ್ತದೆ. ನೈಋತ್ಯ ಮಾನ್ಸೂನಿನ ಅರಬ್ಬೀ ಸಮುದ್ರಕ್ಕೆ ಇಳಿಸಬೇಕಾದರೆ ಅಟ್ಟದ ಎತ್ತರ, ಹೇರಿನ ಮಿತಿ, ಅಲೆಯ ಮಿತಿ ಮೂರನ್ನೂ ಮೊದಲೇ ನಿರ್ಧರಿಸಿಕೊಂಡು, ಮಿತಿ ಮೀರಿದ ದಿನ ದಕ್ಕೆಯಲ್ಲೇ ಕಟ್ಟಿಹಾಕಬೇಕಾಗುತ್ತದೆ.