ಕಣ್ಣಿಗೆ ಕಂಡ ಶ್ರುತಿ

ನನ್ನ ಕೊರಳಿಗೆ ಬೀಗ ಬಿದ್ದದ್ದು ಹತ್ತನೆಯ ವಯಸ್ಸಿನಲ್ಲಿ. ಶಾಲೆಯ ವಾರ್ಷಿಕೋತ್ಸವದ ಪ್ರಾರ್ಥನೆಗೆಂದು ಹನ್ನೆರಡು ಹುಡುಗರನ್ನು ಸಾಲಾಗಿ ನಿಲ್ಲಿಸಿ ಮೇಷ್ಟ್ರು ಹಾರ್ಮೋನಿಯಂ ನುಡಿಸುತ್ತಿದ್ದರು. ನಡುವೆ ಥಟ್ಟನೆ ನಿಲ್ಲಿಸಿ, ಒಬ್ಬೊಬ್ಬರ ಬಾಯಿಯ ಬಳಿಗೂ ಕಿವಿ ತಂದು, ಕೊನೆಗೆ ನನ್ನ ಮುಂದೆ ಬಂದು ನಿಂತರು. “ಅಪಸ್ವರ ಇಲ್ಲಿಂದ ಬರ್ತಾ ಇದೆ. ನೀನು ಬರೀ ಬಾಯಿ ಆಡಿಸು, ಸಾಕು” ಎಂದರು. ಅಂದಿನಿಂದ ಸುಮಾರು ಅರವತ್ತು ವರ್ಷ ನಾನು ಬಾಯಿ ಆಡಿಸುತ್ತಲೇ ಬಂದೆ: ಮದುವೆಯ ಮನೆಗಳಲ್ಲಿ, ಭಜನೆಗಳಲ್ಲಿ, ಕೊನೆಗೆ ರಾಷ್ಟ್ರಗೀತೆಯಲ್ಲಿಯೂ.

ಈ ಬೀಗವನ್ನು ತೆಗೆದವಳು ನನ್ನ ಮೊಮ್ಮಗಳು. ಅವಳೀಗ ಸಂಗೀತ ಕಲಿಯುತ್ತಿದ್ದಾಳೆ. ಅವಳ ಅಭ್ಯಾಸಕ್ಕೆಂದು ಮೊಬೈಲಿನಲ್ಲಿ ಒಂದು ತಂತ್ರಾಂಶವಿದೆ. ಹಾಡಿದರೆ ಸಾಕು, ಸ್ವರ ಏರಿದಂತೆ ಏರಿ ಇಳಿದಂತೆ ಇಳಿಯುವ ಗೆರೆಯೊಂದು ಪರದೆಯ ಮೇಲೆ ಮೂಡುತ್ತದೆ. ಸ್ಥಾನದಲ್ಲಿದ್ದರೆ ಹಸಿರು, ತಪ್ಪಿದರೆ ಕೆಂಪು. ಒಂದು ಸಂಜೆ ಅದನ್ನು ನನ್ನ ಮುಂದಿಟ್ಟು, “ತಾತ, ಒಂದು ಸಲ ಸಾ ಅನ್ನು. ಅದೇನೂ ಬೈಯೋದಿಲ್ಲ” ಎಂದಳು.

ಅಂದೆ. ಗೆರೆ ಸರಿಯಾದ ಜಾಗದಲ್ಲೇ ಹುಟ್ಟಿ, ಸ್ವಲ್ಪ ಹೊತ್ತು ನೆಟ್ಟಗೆ ನಡೆದು, ಉಸಿರು ಮುಗಿಯುತ್ತ ಬಂದಂತೆ ಜಾರುಬಂಡೆಯ ಮೇಲಿನ ಹುಡುಗನಂತೆ ಕೆಳಕ್ಕೆ ಜಾರಿತು. ನನಗೆ ಆಶ್ಚರ್ಯವಾಯಿತು. ನನ್ನಲ್ಲಿ ಶ್ರುತಿಯೇ ಇಲ್ಲವೆಂದು ನಂಬಿ ಬಾಳಿದವನು ನಾನು, ಕೊರತೆಯಿದ್ದದ್ದು ಉಸಿರಿನಲ್ಲಿ. ಹದಿನೈದು ದಿನ ದಿನಕ್ಕೆ ಹತ್ತು ನಿಮಿಷ ಆ ಗೆರೆಯನ್ನು ನೋಡುತ್ತ ಹಾಡಿದೆ. ಜಾರುವುದು ಬಹುಮಟ್ಟಿಗೆ ನಿಂತಿತು. ಆದರೆ ಮೇಲಕ್ಕೆ ಹೋಗಿ ಗಾಂಧಾರ ಹಿಡಿದಾಗ ಮಾತ್ರ ಬೇರೊಂದು ತೊಡಕು ಎದುರಾಯಿತು. ಮನೆಯಲ್ಲಿದ್ದ ಹಳೆಯ ತಂಬೂರಿಗೆ ನನ್ನ ಗಾಂಧಾರ ಹಾಲಿನೊಳಗಣ ಸಕ್ಕರೆಯಂತೆ ಬೆರೆಯುತ್ತಿತ್ತು. ಮೊಬೈಲು ಮಾತ್ರ ತಗ್ಗಿದೆಯೆಂದು ಕೆಂಪಾಗುತ್ತಿತ್ತು. ಯಾರ ಮಾತನ್ನು ನಂಬುವುದು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ದೊರೆತ ಕಥೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಕಂಠವನ್ನು ಕಣ್ಣಿಗೆ ಕಾಣಿಸುವ ಆಸೆ ಇಂದು ನಿನ್ನೆಯದಲ್ಲ. ಎಡಿಸನ್ನರ ಫೋನೋಗ್ರಾಫಿಗೂ ಇಪ್ಪತ್ತು ವರ್ಷ ಮೊದಲು, 1857ರಲ್ಲಿ, ಪ್ಯಾರಿಸ್ಸಿನ ಎದುವಾರ್-ಲಿಯೋನ್ ಸ್ಕಾಟ್ ದ ಮಾರ್ಟಿನ್‌ವಿಲ್ ಎಂಬವರು ಶಬ್ದವನ್ನು ಗೆರೆಯಾಗಿಸುವ ಯಂತ್ರಕ್ಕೆ ಹಕ್ಕು ಪಡೆದರು. ದೀಪದ ಕಾಡಿಗೆ ಬಳಿದ ಕಾಗದದ ಮೇಲೆ, ಧ್ವನಿಗೆ ನಡುಗುವ ಪೊರೆಯೊಂದಕ್ಕೆ ಅಂಟಿಸಿದ ಮೊನೆ ಅಲೆಯಲೆಯಾಗಿ ಗೀಚುತ್ತಿತ್ತು. ಅದನ್ನು ಮತ್ತೆ ನುಡಿಸುವ ಯೋಚನೆ ಅವರಿಗಿರಲಿಲ್ಲ. ನೋಡಿ ಓದಿದರೆ ಸಾಕೆಂಬುದೇ ಅವರ ಭಾವನೆ. 1860ರಲ್ಲಿ ಅವರು ಗೀಚಿಸಿದ ಒಂದು ಫ್ರೆಂಚ್ ಹಾಡನ್ನು 2008ರಲ್ಲಿ ಅಮೆರಿಕದ ಸಂಶೋಧಕರು ಕಂಪ್ಯೂಟರಿನ ನೆರವಿನಿಂದ ನುಡಿಸಿದಾಗ ಕೇಳಿದ್ದು ಹುಡುಗಿಯೊಬ್ಬಳ ಕೊರಳಿನಂತಿತ್ತು. ಹಾಡಿನ ಪಕ್ಕದಲ್ಲೇ ಒಂದು ಶ್ರುತಿಕವೆಯ ನಾದವನ್ನೂ ಸ್ಕಾಟ್ ಗೀಚಿಸಿದ್ದರು. ಅಂದಿನ ಫ್ರೆಂಚರು ಕಂಪನದ ಹೋಗುವಿಕೆ ಬರುವಿಕೆಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಿದ್ದರೆಂಬುದು ಹೊಳೆದ ಮೇಲೆ, ವೇಗ ಎರಡು ಪಟ್ಟಾಗಿಬಿಟ್ಟಿದೆಯೆಂದು ತಿಳಿಯಿತು. ಅರ್ಧಕ್ಕೆ ಇಳಿಸಿದರೆ, ನಿಧಾನವಾಗಿ ಹಾಡುತ್ತಿದ್ದ ಗಂಡಸಿನ ಕಂಠ! ಗೆರೆ ಸುಳ್ಳು ಹೇಳಿರಲಿಲ್ಲ. ಅದನ್ನು ಅಳೆದ ಕೋಲು ತಪ್ಪಾಗಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಕಾಣುವ ಶ್ರುತಿಯನ್ನು ಕಲಿಕೆಗೆ ಹಚ್ಚಿದವರಲ್ಲಿ ಮುಖ್ಯರು ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಕಾರ್ಲ್ ಸೀಶೋರ್. ಕಳೆದ ಶತಮಾನದ ಆರಂಭದಲ್ಲಿ ಅವರು ‘ಟೋನೋಸ್ಕೋಪ್’ ಎಂಬ ಯಂತ್ರವನ್ನು ರೂಪಿಸಿದರು. ಸೆಕೆಂಡಿಗೆ ಒಂದು ಸುತ್ತು ತಿರುಗುವ ಉರುಳೆ. ಅದರ ಮೇಲೆ ಚುಕ್ಕೆಗಳ 110 ಸಾಲುಗಳು. ಮೊದಲ ಸಾಲಿನಲ್ಲಿ 110 ಚುಕ್ಕೆ, ಮುಂದಿನದರಲ್ಲಿ 111, ಹೀಗೆ ಕೊನೆಯದರಲ್ಲಿ 219, ಒಟ್ಟು 18,095. ಹಾಡುವವನ ಧ್ವನಿಗೆ ತಕ್ಕಂತೆ ಮಿನುಗುವ ಬೆಳಕು ಉರುಳೆಯ ಮೇಲೆ ಬೀಳುತ್ತಿತ್ತು. ಸೆಕೆಂಡಿಗೆ 150 ಕಂಪನದ ಸ್ವರ ಹಾಡಿದರೆ 150 ಚುಕ್ಕೆಗಳ ಸಾಲು ಮಾತ್ರ ಅಲುಗದೆ ನಿಂತಂತೆ ಕಾಣುವುದು. ಉಳಿದವೆಲ್ಲ ಹಿಂದಕ್ಕೋ ಮುಂದಕ್ಕೋ ಹರಿಯುವುವು. ಚುಕ್ಕೆ ನಿಲ್ಲಿಸುವುದೇ ಸಾಧನೆ. ನನ್ನ ಮೊಮ್ಮಗಳ ಹಸಿರು ಗೆರೆಯ ಮುತ್ತಜ್ಜ ಇದೇ.

ಮುಂದೆ ಕಂಪ್ಯೂಟರು ಮನೆಗೂ ಶಾಲೆಗೂ ಬಂದಾಗ, 1980ರ ದಶಕದಲ್ಲಿ, ಇಂಗ್ಲೆಂಡಿನ ಗ್ರಹಾಂ ವೆಲ್ಚ್ ಮತ್ತು ಡೇವಿಡ್ ಹೊವಾರ್ಡ್ ‘ಸಿಂಗ್ಯಾಡ್’ ಎಂಬ ತಂತ್ರಾಂಶವನ್ನು ಮಕ್ಕಳಿಗಾಗಿ ಸಿದ್ಧಪಡಿಸಿದರು. ಅಲ್ಲಿನ ಶಾಲೆಗಳಲ್ಲಿ ಬಳಕೆಯಲ್ಲಿದ್ದ ಬಿಬಿಸಿ ಮೈಕ್ರೋ ಎಂಬ ಪುಟ್ಟ ಕಂಪ್ಯೂಟರಿನ ಪರದೆಯ ಮೇಲೆ ತಮ್ಮ ಸ್ವರದ ಜಾಡನ್ನು ಹಾಡುತ್ತಿರುವಾಗಲೇ ನೋಡಿದ ಮಕ್ಕಳು ಶ್ರುತಿಯಲ್ಲಿ ಸುಧಾರಿಸಿದ್ದನ್ನು 1989ರಲ್ಲಿ ಪ್ರಕಟಿಸಿದರು. ಶ್ರುತಿ ತಪ್ಪುವುದು ಹುಟ್ಟುಗುಣವಲ್ಲ, ಕಲಿತು ತಿದ್ದಿಕೊಳ್ಳಬಹುದಾದದ್ದು ಎಂಬುದು ಇದರ ತಾತ್ಪರ್ಯ. ಇದನ್ನು ಓದಿದಾಗ ಸಾಲಿನಲ್ಲಿ ನಿಂತಿದ್ದ ಆ ಹತ್ತು ವರ್ಷದ ಹುಡುಗನ ನೆನಪಾಗಿ ಮನಸ್ಸು ಸ್ವಲ್ಪ ಹೊತ್ತು ಭಾರವಾಯಿತು. ಮೇಷ್ಟ್ರನ್ನು ದೂರುವುದಿಲ್ಲ, ತಪ್ಪನ್ನು ಅವರ ಕಿವಿ ಸರಿಯಾಗಿಯೇ ಹಿಡಿದಿತ್ತು. ಅದನ್ನು ಹುಡುಗನಿಗೆ ತೋರಿಸಿಕೊಡುವ ಸಾಧನ ಅವರ ಕೈಯಲ್ಲಿರಲಿಲ್ಲ.

ಇಂದಿನ ತಂತ್ರಾಂಶದ ಕೆಲಸ ತಿಳಿಯಲು ಕಷ್ಟವಲ್ಲ. ಮೈಕು ಹಿಡಿದ ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಆ ಅಂಕಿಗಳ ಸಾಲನ್ನು ಅದರ ಮೇಲೆಯೇ ಸ್ವಲ್ಪಸ್ವಲ್ಪ ಸರಿಸುತ್ತ ಹೋಗಿ, ಎಷ್ಟು ಸರಿಸಿದಾಗ ಅಲೆಗೆ ಅಲೆ ಕೂಡುವುದೆಂದು ನೋಡಿದರೆ ಒಂದು ಕಂಪನದ ಅವಧಿ ಸಿಗುತ್ತದೆ. ಇಷ್ಟರವರೆಗೆ ಶುದ್ಧ ಲೆಕ್ಕ. ಆದರೆ ಸಿಕ್ಕಿದ ಸಂಖ್ಯೆ ‘ಸರಿ’ಯೋ ‘ತಪ್ಪೋ’ ಎಂದು ಹೇಳಲು ಒಂದು ಅಳತೆಗೋಲು ಬೇಕಷ್ಟೆ. ತೊಡಕು ಇರುವುದು ಇಲ್ಲಿಯೇ.

ಆ ಅಳತೆಗೋಲಿನ ಗುರುತುಗಳನ್ನು ಕೊರೆದವರು ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್. ಒಂದು ಸ್ಥಾಯಿಯನ್ನು 1,200 ‘ಸೆಂಟ್’ಗಳಾಗಿ ಭಾಗಿಸುವ ಪದ್ಧತಿಯನ್ನು ಬಳಸಿ, 1885ರಲ್ಲಿ ಭಾರತವೂ ಸೇರಿದಂತೆ ನಾನಾ ದೇಶಗಳ ಸ್ವರಗ್ರಾಮಗಳನ್ನು ಅವರು ಅಳೆದರು. ಸ್ವತಃ ಅವರಿಗೆ ಸ್ವರಭೇದ ಹಿಡಿಯುವ ಕಿವಿಯಿರಲಿಲ್ಲವೆಂದು ಪ್ರತೀತಿ. ಪಿಯಾನೋ ಶ್ರುತಿಯಲ್ಲಿ ನುರಿತ ಹಿಪ್ಕಿನ್ಸ್ ಎಂಬವರು ಅವರಿಗೆ ನೆರವಾದರು. ನನ್ನಂಥವರಿಗೆ ಸಮಾಧಾನ ಕೊಡುವ ಸಂಗತಿ! ಅವರ ತೀರ್ಮಾನ ಇನ್ನೂ ದೊಡ್ಡದು: ಪ್ರಪಂಚಕ್ಕೆಲ್ಲ ಒಂದೇ ‘ಸಹಜ’ ಸ್ವರಗ್ರಾಮವೆಂಬುದಿಲ್ಲ, ಜನರೆಷ್ಟೋ, ಗ್ರಾಮಗಳಷ್ಟು.

ನಮ್ಮ ಮೊಬೈಲಿನ ತಂತ್ರಾಂಶ ಹಿಡಿದಿದ್ದ ಕೋಲು ಪಿಯಾನೋ ಹಾರ್ಮೋನಿಯಂಗಳದು. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ್ದು. ಯಾವ ಮನೆಯಿಂದ ಬೇಕಾದರೂ ಹಾಡು ಎತ್ತಿಕೊಳ್ಳುವ ಅನುಕೂಲಕ್ಕಾಗಿ ಆದ ಏರ್ಪಾಡು ಅದು. ಅದಕ್ಕೆ ತೆತ್ತ ಬೆಲೆಯೆಂದರೆ ಕೆಲವು ಸ್ವರಗಳು ಸಹಜ ಸ್ಥಾನದಿಂದ ಕದಲಿದ್ದು. ಈ ಕಾರಣವೂ, ಗಮಕಕ್ಕೆ ಅದು ಒಗ್ಗದೆಂಬ ಕಾರಣವೂ ಸೇರಿ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ವಾದ್ಯವನ್ನು ದೂರವಿಟ್ಟಿತು. 1971ರವರೆಗೂ ಆ ನಿಷೇಧ ಸಡಿಲವಾಗಲಿಲ್ಲ.

ಈಗ ನನ್ನ ಗಾಂಧಾರದ ವ್ಯಾಜ್ಯಕ್ಕೆ ಬರೋಣ. ನನ್ನ ಷಡ್ಜ ಸೆಕೆಂಡಿಗೆ 144 ಕಂಪನವೆಂದು ಇಟ್ಟುಕೊಳ್ಳಿ. ಸಮಪಾಲಿನ ಲೆಕ್ಕದಲ್ಲಿ ಅಂತರಗಾಂಧಾರ 181.4. ತಂಬೂರಿಯ ಮಂದ್ರ ಷಡ್ಜದ ತಂತಿ 72ರಲ್ಲಿ ಮಿಡಿಯುತ್ತದೆ. ತಂತಿ ಒಟ್ಟಾಗಿ ಅಲುಗುವುದರ ಜೊತೆಗೆ ಎರಡಾಗಿ, ಮೂರಾಗಿ, ಐದಾಗಿ ತುಂಡುತುಂಡಾಗಿಯೂ ಮಿಡಿಯುವುದುಂಟು. ಐದನೆಯದು 360, ಅದರ ಕೆಳ ಸ್ಥಾಯಿ 180. ಹಿರಿಯರು ಸ್ವಯಂಭೂ ಗಾಂಧಾರವೆಂದು ಕೈಮುಗಿದದ್ದು ಇದಕ್ಕೇ. ಎರಡರ ನಡುವಣ ಅಂತರ ಸುಮಾರು 14 ಸೆಂಟ್, ಅರ್ಧಸ್ವರದ ಏಳರಲ್ಲೊಂದು ಪಾಲು. ತಂಬೂರಿಯ ಕುದುರೆಯ ಮೇಲೆ ನೂಲೆಳೆ ಇಟ್ಟು ಜೀವ ಹಿಡಿಸಿದಾಗ ಇಂಥ ಉಪಸ್ವರಗಳು ಹೇಗೆ ಮೊಳಗುತ್ತವೆ, ಸಾಮಾನ್ಯ ತಂತಿಯಲ್ಲಿ ಅಡಗಿರಬೇಕಾದವೂ ಹೇಗೆ ಕೇಳಿಸುತ್ತವೆ ಎಂಬುದನ್ನು 1921ರಷ್ಟು ಹಿಂದೆಯೇ ಸಿ. ವಿ. ರಾಮನ್ ತೋರಿಸಿಕೊಟ್ಟಿದ್ದರು. ಹಾಗಾಗಿ ನಾನು ತಗ್ಗಿರಲಿಲ್ಲ. ತಂಬೂರಿಯನ್ನು ಕೇಳಿ ಹಾಡುತ್ತಿದ್ದೆ.

ಇಷ್ಟರಿಂದ ಯಂತ್ರವನ್ನು ತಿಪ್ಪೆಗೆ ಎಸೆಯಿರಿ ಎಂದು ನಾನು ಹೇಳುವುದಿಲ್ಲ. ಉಸಿರಿನೊಡನೆ ಜಾರುತ್ತಿದ್ದ ನನ್ನ ಷಡ್ಜವನ್ನು ಹಿಡಿದುಕೊಟ್ಟದ್ದು ಅದೇ. ಕೆಲವು ತಂತ್ರಾಂಶಗಳಲ್ಲಿ ಅಳತೆಗೋಲನ್ನು ಬದಲಿಸಿಕೊಳ್ಳಲೂ ಬರುತ್ತದೆ. ಯಂತ್ರದ ಪಾಡು ಯಾರ ಕಿವಿ ಅದರ ಹಿಂದಿದೆ ಎಂಬುದನ್ನು ಅವಲಂಬಿಸಿದೆ. ನಮ್ಮ ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಹೊರತಂದರು. ಅವರು ಎಂಜಿನಿಯರೂ ಹೌದು, ಕೊಳಲು ನುಡಿಸುವವರೂ ಹೌದು. ಆ ಪೆಟ್ಟಿಗೆ ಸರಿತಪ್ಪುಗಳ ತೀರ್ಪು ಕೊಡದೆ ಷಡ್ಜ ಪಂಚಮಗಳನ್ನು ಮೀಟುತ್ತ ಕೂತಿರುತ್ತದೆ. ಕೂಡಿಕೊಳ್ಳುವ ಹೊಣೆ ಹಾಡುವವನದು. ತೋಡಿಯ ಗಾಂಧಾರದಂತೆ ಓಲಾಡುವ ಸ್ವರವನ್ನು ಒಂದು ಚುಕ್ಕೆಯಲ್ಲಿ ನಿಲ್ಲಿಸಹೊರಟರೆ ಸೀಶೋರರ ಉರುಳೆಯೂ ಬೇಸ್ತು ಬೀಳುತ್ತದೆ. ಕಣ್ಣು ಊರುಗೋಲು, ನಡೆಯುವುದು ಕಿವಿಯೇ.

ಹಾಡ್ತಾ ಹಾಡ್ತಾ ರಾಗ ಎಂಬ ಗಾದೆಯನ್ನು ನೆಚ್ಚಿ ಮೊನ್ನೆ ಮನೆಯ ಪೂಜೆಯಲ್ಲಿ, ಬಂಧುಗಳೆಲ್ಲ ಇದ್ದಾಗ, ತಂಬೂರಿ ಮೀಟಿಸಿಕೊಂಡು ಒಂದು ದೇವರನಾಮವನ್ನು ಗಟ್ಟಿಯಾಗಿಯೇ ಹಾಡಿದೆ. ಅರವತ್ತು ವರ್ಷಗಳ ಮೌನವನ್ನು ಬಲ್ಲ ನನ್ನ ಹೆಂಡತಿ ಮಂಗಳಾರತಿಯ ತಟ್ಟೆ ಹಿಡಿದು ಹಾಗೆಯೇ ನಿಂತಿದ್ದಳು. ಮುಗಿದ ಮೇಲೆ ಮೊಮ್ಮಗಳು ಹತ್ತಿರ ಬಂದು, “ತಾತ, ಚೆನ್ನಾಗಿತ್ತು. ಎರಡನೇ ಚರಣದಲ್ಲಿ ಪಂಚಮ ಮಾತ್ರ ಸ್ವಲ್ಪ ಇಳೀತು” ಎಂದಳು.

ಮೊಬೈಲು ಒಳಕೋಣೆಯಲ್ಲಿತ್ತು. ಮಗುವಿನ ಕಿವಿ ತಯಾರಾಗಿದೆ.