ಟೋಪಿಯೊಳಗಿನ ಚೀಟಿಯಲ್ಲಿ ಸಿಕ್ಕ ಆಟಗಾರ

ಈ ಆಟಗಾರ ತಂಡಕ್ಕೆ ಬೇಕೋ ಬೇಡವೋ? ಕಬಡ್ಡಿ ಇರಲಿ, ಕ್ರಿಕೆಟ್ ಇರಲಿ, ಊರ ಕಟ್ಟೆಯ ಮೇಲೆ ಈ ಜಗಳ ಮುಗಿಯುವುದೇ ಇಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ 1950ರಲ್ಲಿ ಇದೇ ಜಗಳ ಜೋರಾಗಿ ನಡೆದಿತ್ತು. ಜಗಳ ಒಬ್ಬ ಬ್ಯಾಸ್ಕೆಟ್‌ಬಾಲ್ ಹುಡುಗನದ್ದು. ಹೆಸರು ಬಾಬ್ ಕೌಸಿ.

ಕೌಸಿ ಹುಟ್ಟಿದ್ದು 1928ರಲ್ಲಿ, ನ್ಯೂಯಾರ್ಕ್‌ನಲ್ಲಿ. ಅಪ್ಪ ಅಮ್ಮ ಫ್ರಾನ್ಸ್‌ನಿಂದ ಬಂದ ಬಡವರು. ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದರು. ಮನೆಮಾತು ಫ್ರೆಂಚ್. ಶಾಲೆಯ ತಂಡಕ್ಕೆ ಮೊದಲು ಇವನನ್ನು ಸೇರಿಸಿಕೊಳ್ಳಲೇ ಇಲ್ಲ. ಒಮ್ಮೆ ಮರದಿಂದ ಬಿದ್ದು ಬಲಗೈ ಮುರಿಯಿತು. ಹುಡುಗ ಸುಮ್ಮನೆ ಕೂರಲಿಲ್ಲ, ಎಡಗೈಯಲ್ಲಿ ಆಡಲು ಕಲಿತ. ಎರಡೂ ಕೈ ಪಳಗಿದ್ದೇ ಮುಂದೆ ಅವನ ಬಂಡವಾಳವಾಯಿತು.

ಅವನು ಆಡುತ್ತಿದ್ದ ಜಾಗಕ್ಕೆ ಇಂದು ಪಾಯಿಂಟ್ ಗಾರ್ಡ್ ಎನ್ನುತ್ತಾರೆ. ಚೆಂಡನ್ನು ಮುಂದಕ್ಕೆ ಒಯ್ದು, ಯಾರ ಕೈಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವವನು ಅವನೇ. ಬಾಸ್ಟನ್‌ನಿಂದ ಸುಮಾರು 65 ಕಿಲೋಮೀಟರ್ ದೂರದ ವೂಸ್ಟರ್‌ನ ಹೋಲಿ ಕ್ರಾಸ್ ಕಾಲೇಜಿನಲ್ಲಿ ಕೌಸಿ ಓದಿದ. 1947ರಲ್ಲಿ ಆ ಕಾಲೇಜು ರಾಷ್ಟ್ರೀಯ ಚಾಂಪಿಯನ್ ಆಯಿತು. ಬೆನ್ನ ಹಿಂದೆ ಚೆಂಡು ಪುಟಿಸುವ, ನೋಡದೆಯೇ ಪಾಸ್ ಕೊಡುವ ಅವನ ಆಟ ನೋಡಲು ಜನ ಮುಗಿಬೀಳುತ್ತಿದ್ದರು.

ಬಾಸ್ಟನ್‌ನ ವೃತ್ತಿಪರ ತಂಡ ಸೆಲ್ಟಿಕ್ಸ್ ಆಗ ನೆಲಕಚ್ಚಿತ್ತು. 1949–50ರಲ್ಲಿ ಗೆದ್ದದ್ದು 22, ಸೋತದ್ದು 46. ನಮ್ಮ ಹುಡುಗನನ್ನು ತಗೊಳ್ಳಿ ಎಂದು ಜನ ಒತ್ತಾಯಿಸಿದರು, ಪತ್ರಿಕೆಯವರೂ ದನಿಗೂಡಿಸಿದರು. ಹೊಸ ಕೋಚ್ ರೆಡ್ ಔರ್‌ಬ್ಯಾಕ್ ಒಪ್ಪಲಿಲ್ಲ. ನಾನು ತಂಡ ಗೆಲ್ಲಿಸಬೇಕೋ, ಇಲ್ಲಿನ ಗಮಾರರನ್ನು ಮೆಚ್ಚಿಸಬೇಕೋ ಎಂಬರ್ಥದ ಮಾತಾಡಿ ಊರಿನವರ ಸಿಟ್ಟಿಗೆ ಗುರಿಯಾದರು. 6 ಅಡಿ 1 ಇಂಚಿನ ಕೌಸಿಯನ್ನು ಬಿಟ್ಟು, 6 ಅಡಿ 11 ಇಂಚಿನ ಚಕ್ ಶೇರ್ ಅವರನ್ನು ಆರಿಸಿದರು.

ಕೌಸಿ ಟ್ರೈ-ಸಿಟೀಸ್ ಬ್ಲ್ಯಾಕ್‌ಹಾಕ್ಸ್ ಪಾಲಾದ. ಅವನು ಕೇಳಿದ್ದು 10,000 ಡಾಲರ್, ಮಾಲೀಕ ಬೆನ್ ಕರ್ನರ್ ಕೊಡಲು ಬಂದದ್ದು 6,000. ವ್ಯವಹಾರ ಕುದುರಲಿಲ್ಲ. ಕರ್ನರ್ ಅವನನ್ನು ಷಿಕಾಗೋ ಸ್ಟ್ಯಾಗ್ಸ್ ತಂಡಕ್ಕೆ ದಾಟಿಸಿದರು. ಆ ತಂಡವೋ ಬಾಗಿಲು ಹಾಕಿತು.

ಕೊನೆಗೆ ಉಳಿದದ್ದು ಮೂವರು ಆಟಗಾರರು, ಅವರನ್ನು ಹಂಚಿಕೊಳ್ಳಬೇಕಾದ ಮೂರು ತಂಡಗಳು. ಮೂರು ಹೆಸರು ಚೀಟಿಯಲ್ಲಿ ಬರೆದು ಟೋಪಿಗೆ ಹಾಕಿದರು. ಎಲ್ಲರ ಕಣ್ಣು ಮ್ಯಾಕ್ಸ್ ಝಸ್ಲೋಫ್ಸ್ಕಿ ಮೇಲೆ. ಅವರು ನ್ಯೂಯಾರ್ಕ್‌ಗೆ ಹೋದರು. ಆಂಡಿ ಫಿಲಿಪ್ ಫಿಲಡೆಲ್ಫಿಯಾಕ್ಕೆ. ಸೆಲ್ಟಿಕ್ಸ್ ಮಾಲೀಕ ವಾಲ್ಟರ್ ಬ್ರೌನ್ ಕೈಗೆ ಬಂದದ್ದು ಯಾರಿಗೂ ಬೇಡವಾಗಿದ್ದ ಕೌಸಿ ಚೀಟಿ.

ಮುಂದಿನ ಋತುವಿನಲ್ಲಿ ತಂಡ 39 ಗೆದ್ದು 30 ಸೋತಿತು. ಇದು ಕೌಸಿ ಒಬ್ಬನಿಂದ ಆದದ್ದಲ್ಲ, ಅದೇ ವರ್ಷ ಎಡ್ ಮೆಕಾಲೆ ಕೂಡ ಬಂದಿದ್ದರು. ಆದರೆ 1953ರಿಂದ 1960ರವರೆಗೆ ಸತತ 8 ಋತು ಅತಿ ಹೆಚ್ಚು ಅಸಿಸ್ಟ್ ಕೊಟ್ಟವನು, ಅಂದರೆ ಬೇರೆಯವರು ಅಂಕ ಗಳಿಸಲು ಚೆಂಡು ಒದಗಿಸಿದವನು, ಕೌಸಿಯೇ. ಚೆಂಡು ಎಲ್ಲಿಂದ ಬರುತ್ತದೆ ಎಂದು ಗೊತ್ತಾಗದೆ ಮೊದಮೊದಲು ಜೊತೆಗಾರರೇ ತಬ್ಬಿಬ್ಬಾಗುತ್ತಿದ್ದರು.

ಆದರೂ 1956ರವರೆಗೆ ತಂಡ ಒಮ್ಮೆಯೂ ಫೈನಲ್ ತಲುಪಲಿಲ್ಲ. ಆಟವೇನೋ ಚೆಂದ, ಕಪ್ ಎಲ್ಲಿ ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಉತ್ತರ ಬಂದದ್ದು ಎತ್ತರದ ಬಿಲ್ ರಸೆಲ್ ಸೇರಿಕೊಂಡಾಗ. ರಸೆಲ್ ಎದುರಾಳಿಯ ಎಸೆತ ತಡೆದು ಚೆಂಡು ಹಿಡಿಯುವುದು, ಕೌಸಿ ಅದನ್ನು ಮಿಂಚಿನಂತೆ ಮುಂದಕ್ಕೆ ಒಯ್ಯುವುದು. 1957ರಲ್ಲಿ ಸೆಲ್ಟಿಕ್ಸ್ ಮೊದಲ ಸಲ ಚಾಂಪಿಯನ್. ಆ ಋತುವಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಕೌಸಿಗೆ. ಫೈನಲ್‌ನಲ್ಲಿ ಸೋತವರು ಯಾರು ಗೊತ್ತೇ? ಅದೇ ಕರ್ನರ್ ಅವರ ಹಾಕ್ಸ್. ಆ ಹೊತ್ತಿಗೆ ಆ ತಂಡ ಸೇಂಟ್ ಲೂಯಿಸ್‌ಗೆ ಬಂದಿತ್ತು.

ಹಾಗಾದರೆ ಗೆದ್ದದ್ದು ಯಾರ ವಾದ? ಎತ್ತರದ ಆಟಗಾರ ಬೇಕೆಂಬ ಕೋಚ್ ಮಾತು ನಿಜವಾಯಿತು. ಆದರೆ ಅವರು ಆರಿಸಿದ ಶೇರ್ ಸೆಲ್ಟಿಕ್ಸ್ ಪರ ಒಂದು ಪಂದ್ಯವನ್ನೂ ಆಡಲಿಲ್ಲ. ಹುಡುಗನನ್ನು ಗುರುತಿಸಿದ್ದು ಅವರು ಗಮಾರರೆಂದ ಜನ. ಆ ಜನರ ಹೀರೋ ಕೂಡ 1957ರ ಕೊನೇ ಪಂದ್ಯದಲ್ಲಿ 20 ಎಸೆತದಲ್ಲಿ 2 ಮಾತ್ರ ಬುಟ್ಟಿಗೆ ಹಾಕಿದ. ಅಂದು ತಂಡವನ್ನು ದಡ ಸೇರಿಸಿದವರು ಬೇರೆಯವರು. ಒಬ್ಬನ ಬೆಲೆಯನ್ನು ಅವನೊಬ್ಬನನ್ನೇ ನೋಡಿ ಕಟ್ಟಲಾಗದು. ಜೊತೆಗೆ ಯಾರಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇಷ್ಟೆಲ್ಲ ಜಗಳದಲ್ಲಿ ಕೌಸಿಯನ್ನು, ನಿನಗೆ ಎಲ್ಲಿ ಆಡಲು ಇಷ್ಟವಪ್ಪಾ ಎಂದು ಕೇಳುವ ಪದ್ಧತಿಯೇ ಆಗ ಇರಲಿಲ್ಲ. ಸಂತೆಯಲ್ಲಿ ಎತ್ತು ಕೈ ಬದಲಾದಂತೆ ಆಟಗಾರರು ಕೈ ಬದಲಾಗುತ್ತಿದ್ದರು. 1954ರಲ್ಲಿ ಕೌಸಿ ಎನ್‌ಬಿಎ ಆಟಗಾರರ ಸಂಘ ಕಟ್ಟಿ ಅದರ ಮೊದಲ ಅಧ್ಯಕ್ಷನಾದ. ತಂಡ ಬದಲಾದಾಗ ಮನೆ ಸಾಗಿಸುವ ಖರ್ಚು ಕೊಡಿ ಎಂಬುದು ಆ ಸಂಘದ ಮೊದಲ ಬೇಡಿಕೆಗಳಲ್ಲಿ ಒಂದು. ಮಾಲೀಕರು ಸಂಘವನ್ನು ಒಪ್ಪಿಕೊಂಡದ್ದು 1957ರಲ್ಲಿ.

ಕೌಸಿ 1963ರಲ್ಲಿ ಸೆಲ್ಟಿಕ್ಸ್ ಬಿಟ್ಟಾಗ ಅವನ ಹೆಸರಿನಲ್ಲಿ 6 ಚಾಂಪಿಯನ್‌ಷಿಪ್ ಇದ್ದವು. ಇಂದು ಯಾವ ಆಟಗಾರ ಯಾವ ತಂಡಕ್ಕೆ ಎಂದು ನಾವು ವಾದ ಮಾಡುವಾಗ, ಆಟಗಾರನಿಗೂ ಒಂದು ಮಾತಿದೆ. ಅದು ತಾನಾಗಿ ಬಂದದ್ದಲ್ಲ. ಟೋಪಿಯೊಳಗಿನ ಚೀಟಿಯಾಗಿದ್ದವನು ಮೊದಲು ಕೇಳಿದ್ದರಿಂದ ಬಂದದ್ದು.