ಸೀಸದ ಗುಂಡಿನ ಬಲ

ಸ್ಯಾಮ್ಯುಯೆಲ್ ಬೇಕರ್ ಎಂಬ ಆಂಗ್ಲ ಬೇಟೆಗಾರನು 1840ರಲ್ಲಿ ಬ್ರಿಸ್ಟಲ್ ನಗರದ ಗಿಬ್ಸ್ ಎಂಬ ಕುಶಲಿಯಿಂದ ಒಂದು ಕೋವಿಯನ್ನು ಮಾಡಿಸಿದನು. ಅದರ ತೂಕ 21 ಪೌಂಡು. ಇಂತಹ ಹೊರೆಯನ್ನು ಹೊತ್ತು ಕಾಡಿನಲ್ಲಿ ಅಲೆಯುವುದು ಆಡಂಬರವೆಂದು ನಮಗೆ ತೋರಬಹುದು. ಆದರೆ ಇದರ ಹಿಂದೆ ಒಂದು ಲೆಕ್ಕವಿದ್ದಿತು.

ಆ ಲೆಕ್ಕಕ್ಕೆ ತಳಹದಿಯನ್ನು ಹಾಕಿದವನು ಬೆಂಜಮಿನ್ ರಾಬಿನ್ಸ್. ತೂಗುಹಾಕಿದ ಲೋಲಕಕ್ಕೆ ಗುಂಡು ಹೊಡೆದು, ಅದು ಹಿಂದಕ್ಕೆ ಸರಿದ ದೂರದಿಂದ ಗುಂಡಿನ ವೇಗವನ್ನು ಕಂಡುಹಿಡಿಯುವ ಬಗೆಯನ್ನು ಅವನು 1742ರಲ್ಲಿ ಪ್ರಕಟಿಸಿದನು. ವೇಗದ ಗುಂಡಿಗೆ ಗಾಳಿಯು ಒಡ್ಡುವ ತಡೆಯು ಪಂಡಿತರು ಎಣಿಸಿದ್ದುದಕ್ಕಿಂತ ಬಹಳ ಹೆಚ್ಚೆಂದು ಅವನ ಪ್ರಯೋಗಗಳು ತೋರಿಸಿದುವು. ಈ ರಾಬಿನ್ಸನು ಕಂಪೆನಿಯ ಸೇವೆಗೆಂದು ನಮ್ಮ ದೇಶಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಮಡಿದನು.

ಗುಂಡಿನ ಚಲನಶಕ್ತಿಯು ಅದರ ತೂಕದೊಡನೆ ಸಮನಾಗಿಯೂ, ವೇಗದ ವರ್ಗದೊಡನೆಯೂ ಏರಿಳಿಯುತ್ತದೆ. ವೇಗವು ಅರ್ಧಕ್ಕಿಳಿದರೆ ಶಕ್ತಿಯು ಕಾಲುಭಾಗಕ್ಕೆ ಇಳಿಯುವುದು. ಉರುಟು ಗುಂಡು ಬಲುಬೇಗ ವೇಗವನ್ನು ಕಳೆದುಕೊಳ್ಳುವುದರಿಂದ, ಬೇಟೆಗಾರನಿಗೆ ಉಳಿದ ಮಾರ್ಗ ತೂಕವನ್ನು ಹೆಚ್ಚಿಸುವುದೊಂದೇ. ಒಂದು ಪೌಂಡು ಸೀಸದಿಂದ ನಳಿಗೆಗೆ ಹೊಂದುವ ಎಷ್ಟು ಗುಂಡುಗಳಾಗುವುವೋ ಅದೇ ಕೋವಿಯ 'ಬೋರು'. 12 ಬೋರಿನ ಗುಂಡಿನ ಅಡ್ಡಳತೆ ಸುಮಾರು ಮುಕ್ಕಾಲು ಅಂಗುಲ. 4 ಬೋರಿನದು ಒಂದು ಅಂಗುಲಕ್ಕೆ ತುಸು ಹೆಚ್ಚು. ಎರಡನೆಯದರ ತೂಕ ಮೊದಲನೆಯದರ ಮೂರರಷ್ಟು. ಗಾಳಿಗೆ ಎದುರಾಗುವ ಮುಖವಾದರೋ ಎರಡರಷ್ಟಕ್ಕೆ ತುಸು ಮೇಲೆ. ಆದುದರಿಂದ ದೊಡ್ಡ ಗುಂಡು ತನ್ನ ವೇಗವನ್ನು ಹೆಚ್ಚು ದೂರ ಕಾಪಾಡಿಕೊಳ್ಳುತ್ತದೆ. ಆದರೆ ಅದರ ಒದೆತವನ್ನು ಹೆಗಲು ತಾಳಬೇಕಾದರೆ ಕೋವಿಯೂ ಭಾರವಾಗಿರಲೇಬೇಕು.

ಶಕ್ತಿಯಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೆತ್ತನೆಯ ಸೀಸವು ಆನೆಯ ತಲೆಯೆಲುಬಿಗೆ ತಗುಲಿ ಚಪ್ಪಟೆಯಾದರೆ ಆ ಬಲವೆಲ್ಲ ಹೊರಗೇ ವ್ಯಯವಾಗುವುದು. ಅದಕ್ಕಾಗಿ ಸೀಸಕ್ಕೆ ತವರವನ್ನು ಬೆರಸಿ ಗಟ್ಟಿಮಾಡುತ್ತಿದ್ದರು. ಜಿಂಕೆಯಂತಹ ಮೈ ಮೆದುವಾದ ಪ್ರಾಣಿಗಾದರೋ ಮೆತ್ತನೆಯ ಗುಂಡೇ ಸಾಕಾಗಿತ್ತು. 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ನಡೆಯಿಸಿದ ಸ್ಯಾಂಡರ್ಸನ್ನನೂ ಆನೆಯ ಬೇಟೆಗೆ ಭಾರಿ ಬೋರಿನ ಕೋವಿಗಳನ್ನೇ ನೆಚ್ಚಿದ್ದನು.

ಲೆಕ್ಕ ತಪ್ಪಿದಾಗ ಅದರ ಫಲವನ್ನು ಉಂಡುದು ಮೃಗವೇ. ಎಲುಬು ಮುರಿದು, ಜೀವ ಹೋಗದೆ, ಪೊದೆಯೊಳಗೆ ದಿನಗಟ್ಟಲೆ ನರಳಿ ಸತ್ತ ಪ್ರಾಣಿಗಳನ್ನು ಎಣಿಸಿದವರಿಲ್ಲ. ಗಾಯಗೊಂಡ ಮೃಗದ ಬೆನ್ನುಹತ್ತಿ ಹೋಗಿ ಪ್ರಾಣವನ್ನು ತೆತ್ತ ಬೇಟೆಗಾರರೂ ಉಂಟು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದೂ ಉದ್ದನೆಯ ಗುಂಡೂ ಬಂದು ಉರುಟು ಗುಂಡಿನ ಕಾಲವನ್ನು ಮುಗಿಸಿದುವು. 1972ರ ಕಾಯಿದೆಯು ನಮ್ಮ ದೇಶದಲ್ಲಿ ಇಂತಹ ಬೇಟೆಯನ್ನೇ ನಿಷೇಧಿಸಿತು. ಆ ಹಳೆಯ ಪುಸ್ತಕಗಳಲ್ಲಿ ಪೌಂಡು ಔನ್ಸುಗಳ ಲೆಕ್ಕವನ್ನು ಓದುವಾಗ, ಅದರ ಇನ್ನೊಂದು ತುದಿಯಲ್ಲಿ ಒಂದು ಜೀವವಿದ್ದಿತೆಂಬುದನ್ನು ನಾವು ಮರೆಯಲಾಗದು.